ಗುಡ್ಡದಾಚೆ ಮಂಗಳವಾರ, ಈಚೆ ಬುಧವಾರ

ಜೂನ್ ಇಪ್ಪತ್ತೆರಡು, ಸೋಮವಾರ, ಬೆಳಿಗ್ಗೆ ಏಳು ನಲವತ್ತು. ಮೂಡಿಗೆರೆ ಬಸ್ ನಿಲ್ದಾಣದಲ್ಲಿ, ಮೇಲಿಂದ ಸೋರದ ಒಂದು ಬೆಂಚು ಹುಡುಕಿಕೊಂಡು ಕುಳಿತು ಇದನ್ನು ಬರೆಯಲು ಶುರು ಮಾಡಿದ್ದೇನೆ. ಬಣಕಲ್ ಬಸ್ಸು ಇನ್ನೂ ಬಂದಿಲ್ಲ. ಎದುರಿಗೆ ತೋಟಕ್ಕೆ ಆಳುಗಳನ್ನು ಕರೆದೊಯ್ಯುವ ಜೀಪೊಂದು ಹಿಂದಿನ ಪರದೆ ಎತ್ತಿಕೊಂಡು ನಿಂತಿದೆ. ಒದ್ದೆ ಟಾರ್ಪಾಲು, ಡೀಸೆಲ್ಲು, ಸೀಟಿನ ಕೆಳಗೆ ಯಾರೋ ಇಟ್ಟ ಬ್ಯಾಟರಿಯ ಹುಳಿ ವಾಸನೆ. ಈ ಮೂರೂ ಒಟ್ಟಿಗೆ ಮೂಗಿಗೆ ಬಡಿದು ಎರಡು ವರ್ಷವಾಯಿತು. ಬಡಿದ ಕೂಡಲೇ ಕಾಲು ತಾನಾಗಿ ಅಲುಗಾಡಲು ಶುರುವಾಗಿದೆ. ಆ ಮಳೆಗಾಲವಿಡೀ ನಾನು ಎಲ್ಲೂ ನೆಟ್ಟಗೆ ಕುಳಿತವಳಲ್ಲ.

ಆಗ ನಾನು ಭೂಕಂಪಗಳನ್ನು ಅಳೆಯುವ ಒಂದು ಯೋಜನೆಯಲ್ಲಿ ಸಹಾಯಕಿ. ನಮ್ಮ ಕೆಲಸವನ್ನು ಮನೆಯವರಿಗೆ ವಿವರಿಸುವುದೇ ಒಂದು ಕೆಲಸ. ನೆಲ ನಡುಗಿದಾಗ ಅದರ ಅಲೆಗಳು ಕಲ್ಲಿನೊಳಗೆ ಓಡುತ್ತವೆ. ಗಟ್ಟಿ ಕಲ್ಲಿನಲ್ಲಿ ಜೋರಾಗಿ, ಬಿರುಕು ಬಿಟ್ಟ, ಮಣ್ಣಾಗುತ್ತಿರುವ ಕಲ್ಲಿನಲ್ಲಿ ನಿಧಾನವಾಗಿ. ಯಾವ ಊರಿನ ಕೆಳಗೆ, ಎಷ್ಟು ಆಳದಲ್ಲಿ, ಅಲೆ ಎಷ್ಟು ವೇಗದಲ್ಲಿ ಓಡುತ್ತದೆ ಎಂದು ಹೇಳುವ ಲೆಕ್ಕಕ್ಕೆ ವೇಗದ ಮಾದರಿ ಎನ್ನುತ್ತೇವೆ. ಆ ಮಾದರಿ ಸರಿ ಇದ್ದರೆ, ಅಲ್ಲಲ್ಲಿ ಇಟ್ಟ ಯಂತ್ರಗಳಿಗೆ ಅಲೆ ಬಂದು ಮುಟ್ಟಿದ ಸಮಯ ನೋಡಿ ನಡುಕ ಹುಟ್ಟಿದ್ದು ಎಲ್ಲಿ ಎಂದು ಹಿಂದಕ್ಕೆ ಲೆಕ್ಕ ಹಾಕಬಹುದು. ಮಾದರಿ ತಪ್ಪಿದ್ದರೆ ನಡುಕದ ಜಾಗವೂ ತಪ್ಪು.

ನಮ್ಮ ಕೈಗೆ ಬಂದದ್ದು ಎರಡು ಮಾದರಿ. ಒಂದು, ಕರಾವಳಿಯಿಂದ ಘಟ್ಟ ಹತ್ತಿ ಬಂದ ಗುಂಪಿನವರು ಮಾಡಿದ್ದು. ಇನ್ನೊಂದು, ಬಯಲುಸೀಮೆಯಿಂದ ಹೊರಟು ಕಾಫಿ ಗುಡ್ಡಗಳವರೆಗೆ ಬಂದವರದ್ದು. ಎರಡೂ ಬಣಕಲ್‌ಗೂ ಕಳಸಕ್ಕೂ ನಡುವಿನ ಗುಡ್ಡಸಾಲಿನ ಮೇಲೆ ಬಂದು ನಿಂತಿದ್ದವು. ಅಲ್ಲಿ ಎರಡನ್ನೂ ಸೇರಿಸಿ ಒಂದು ಮಾಡಬೇಕು. ಆದರೆ ಅದೇ ಗುಡ್ಡದ ಕೆಳಗೆ, ಅದೇ ಆಳದಲ್ಲಿ, ಒಬ್ಬರು ಹೇಳಿದ ವೇಗ ಇನ್ನೊಬ್ಬರದ್ದಕ್ಕೆ ಹೊಂದುತ್ತಿರಲಿಲ್ಲ. ಬೆಂಗಳೂರಿನಲ್ಲಿ ಕುಳಿತು ಮೊದಲ ಸಲ ಜೋಡಿಸಿದವರು ಗುಡ್ಡದ ಎರಡೂ ಮಗ್ಗುಲಲ್ಲಿ ಸರಾಸರಿ ತೆಗೆದು, ಅಗಲವಾದ ಪಟ್ಟಿಯಲ್ಲಿ ಒಂದು ಬಣ್ಣ ಇನ್ನೊಂದರೊಳಗೆ ಮೆಲ್ಲಗೆ ಕರಗುವಂತೆ ಮಾಡಿದ್ದರು. ನಕ್ಷೆ ನೋಡಲು ಚಂದವಿತ್ತು. ಆ ಬೆಸುಗೆ ನಿಲ್ಲುತ್ತದೋ ಇಲ್ಲವೋ ಪರೀಕ್ಷಿಸಲು ನನ್ನನ್ನು ಕಳಿಸಿದರು. ಜೂನ್ ಮೊದಲ ವಾರ, ಸರಿಯಾಗಿ ಮಳೆಯ ಜೊತೆಗೇ, ನಾನು ಬಣಕಲ್‌ನಲ್ಲಿ ಇಳಿದೆ.

ಯಂತ್ರಗಳಿದ್ದದ್ದು ತೋಟಗಳ ಪಂಪುಮನೆಗಳಲ್ಲಿ, ಒಂದೆರಡು ಶಾಲೆಗಳ ಹಿಂದೆ, ಅತ್ತಿಗುಂಡಿಯಲ್ಲೊಂದು, ಕಳಸದ ಕಡೆ ಎರಡು. ಅವುಗಳ ಬ್ಯಾಟರಿ ಬದಲಿಸಲು ನನ್ನನ್ನು ಸುತ್ತಿಸುತ್ತಿದ್ದವರು ಅಬ್ಬಾಸ್ ಕಾಕ. ಬಣಕಲ್ ರಸ್ತೆ ಬದಿಯಲ್ಲಿ ಅವರದ್ದು ಜೀಪ್ ರಿಪೇರಿಯ ಶೆಡ್ಡು. ಮಳೆಗಾಲದಲ್ಲಿ ರಿಪೇರಿ ಜಾಸ್ತಿ, ಆದರೂ ನಾನು ಫೋನು ಮಾಡಿದರೆ ಸ್ಪ್ಯಾನರ್ ಅಲ್ಲೇ ಬಿಟ್ಟು ಬರುತ್ತಿದ್ದರು.

“ನೀವು ನೆಲಕ್ಕೆ ಕಿವಿ ಇಡೋರು, ನಾನು ಇಂಜಿನ್ನಿಗೆ ಕಿವಿ ಇಡೋನು,” ಎಂದರು ಮೊದಲ ದಿನವೇ. “ಈ ಮಳೇಲಿ ಇಬ್ರಿಗೂ ಎಂತದೂ ಕೇಳ್ಸೋದಿಲ್ಲ ಮೇಡಂ. ಸುಮ್ನೆ ತಲೆ ಅಲ್ಲಾಡಿಸ್ತಾ ಇರೋದು.”

ನಿಜ. ಹೆಚ್ಚಿನ ದಿನ ಯಂತ್ರ ಬರೆಯುತ್ತಿದ್ದದ್ದು ಮಳೆಯ ಸದ್ದು, ಮರದ ಬೇರು ಗಾಳಿಗೆ ಅಲುಗಿದ್ದು, ಹೆದ್ದಾರಿಯ ಲಾರಿ. ನಾನು ಪ್ರತಿ ಯಂತ್ರದ ಬಳಿ ದಿನಾಂಕ, ಬ್ಯಾಟರಿಯ ಸ್ಥಿತಿ, ಎಷ್ಟು ಜಿಗಣೆ ಹತ್ತಿದವು ಎಂದು ಬರೆದುಕೊಳ್ಳುತ್ತಿದ್ದೆ. ಜಿಗಣೆಯಲ್ಲಿ ಅತ್ತಿಗುಂಡಿಗಿಂತ ಕಳಸದ ಕಡೆಯವು ಯಾವಾಗಲೂ ಮುಂದು.

ನಾನು ಉಳಿದುಕೊಂಡದ್ದು ಸುಶೀಲಮ್ಮನವರ ತೋಟದಲ್ಲಿ, ಖಾಲಿ ಬಿದ್ದಿದ್ದ ರೈಟರ್ ಕ್ವಾರ್ಟರ್ಸಿನ ಒಂದು ಕೋಣೆಯಲ್ಲಿ. ತೋಟದ ಲೆಕ್ಕ ಬರೆಯುವ ರೈಟರ್ ಮೂಡಿಗೆರೆಯಲ್ಲೇ ಮನೆ ಮಾಡಿಕೊಂಡು ಓಡಾಡುತ್ತಿದ್ದ. ಸುಶೀಲಮ್ಮನವರಿಗೆ ಅರವತ್ತು ದಾಟಿತ್ತು. ಗಂಬೂಟು ಹಾಕಿಕೊಂಡು ತೋಟ ಸುತ್ತಿ ಬಂದು, ಎಂಟು ಗಂಟೆಗೆ ಅಂಗಳದ ಮಳೆಮಾಪಕದ ನೀರು ಅಳೆದು, ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಇಷ್ಟಿಂಚು ಇಷ್ಟು ಸೆಂಟು (ಇಂಚಿನ ನೂರನೆಯ ಭಾಗ) ಎಂದು ಬರೆಯುವುದು ಅವರ ದಿನದ ಮೊದಲ ಕೆಲಸ. ಎರಡನೆಯ ಕೆಲಸ, ಗುಡ್ಡದಾಚೆ ಕಳಸದ ಕಡೆ ತೋಟವಿರುವ ಬಾವನಿಗೆ ಫೋನ್ ಮಾಡಿ ಜಗಳವಾಡುವುದು.

“ಬಾವ, ನಿಮಗೆ ಮಂಗ್ಳಾರ ಏಳಿಂಚಾ? ನಮ್ಗೆ ಮಂಗ್ಳಾರ ಒಂದೂವರೆ. ನಿಮ್ಮ ಮಾಪಕದೊಳಗೆ ಹಂಚಿನ ನೀರು ಬೀಳ್ತದೆ, ಒಂದ್ಸಲ ಹೋಗಿ ನೋಡಿ.”

ಆಚೆಯಿಂದ ಅವರೇನೋ ಹೇಳುತ್ತಿದ್ದರು. ಇವರು ನಗುತ್ತಿದ್ದರು. “ಮಳೆ ನಿಮ್ಮಲ್ಲಿ ಊಟ ಮಾಡಿ ಮಲಗಿ, ಮಾರನೇ ದಿನ ಗುಡ್ಡ ಹತ್ತಿ ನಮ್ಮಲ್ಲಿಗೆ ಬರೋದಾ? ಸರಿ, ಹಂಗೇ ಇರ್ಲಿ.”

ಮಳೆಗೆ ಗುಡ್ಡ ದಾಟಲು ಒಂದು ದಿನ ಬೇಕು ಎನ್ನುವುದು ಆ ಎರಡು ಮನೆಗಳಲ್ಲಿ ಹಳೆಯ ಮಾತು. ಮಳೆ ಪಶ್ಚಿಮದಿಂದ ಬರುವುದಲ್ಲವೇ, ಮೊದಲು ಅವರಿಗೆ ಬೀಳುತ್ತದೆ, ಆಮೇಲೆ ಇವರಿಗೆ. ನಾನೂ ಹೌದೆಂದುಕೊಂಡಿದ್ದೆ. ಆ ದಿನಗಳಲ್ಲಿ ನನಗೆ ಯೋಚಿಸಲು ಬೇರೆಯದೇ ಇತ್ತು.

ಜುಲೈ ಮೊದಲ ವಾರ ಒಂದು ಮಧ್ಯಾಹ್ನ, ನೆಲದೊಳಗಿನಿಂದ ಭಾರಿ ಬಾಗಿಲು ಹಾಕಿದಂಥ ಸದ್ದು. ಕಿಟಕಿ ಗಾಜು ಅದುರಿತು. ತೋಟದ ನಾಯಿ ಬೊಗಳಲಿಲ್ಲ, ಅಂಗಳದ ಮಧ್ಯಕ್ಕೆ ಬಂದು ನಿಂತಿತು. ಅದರ ಬೆನ್ನಿಗೇ ಇನ್ನೊಂದು ಸಣ್ಣದು, ಮಾರನೇ ದಿನ ಮತ್ತೊಂದು. ಬೆಂಗಳೂರಿನ ಕಂಪ್ಯೂಟರು ಮೂರನ್ನೂ ಲೆಕ್ಕ ಹಾಕಿ ಜಾಗ ಗುರುತಿಸಿತು: ಸುಶೀಲಮ್ಮನವರ ತೋಟದ ಲೈನಿನ ಹಿಂದಿನ ಗುಡ್ಡ, ಆಳ ಬಹಳ ಕಡಿಮೆ. ಕಾಲಡಿಯಲ್ಲೇ ಎಂದಂತೆ.

ಲೈನು ಎಂದರೆ ತೋಟದ ಕೆಲಸಗಾರರ ಸಾಲುಮನೆ. ಅದರ ಹಿಂದಿನ ಇಳಿಜಾರಿನಲ್ಲಿ ಒಂದು ಬಿರುಕು ಮೊದಲೇ ಇತ್ತು. ಗುಡ್ಡ ಜರಿಯುವ ಭಯ ಈ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಗ್ರಾಮ ಆಡಳಿತದ ಅಧಿಕಾರಿ ಕೊಡೆ ಹಿಡಿದು ಬಂದು ನಕ್ಷೆ ನೋಡಿ, ಸಂಜೆಯೊಳಗೆ ಎಲ್ಲರನ್ನೂ ತೋಟದ ಗೋಡೌನಿಗೆ ಸಾಗಿಸಿದರು. ಸುಗ್ಗಿಯಲ್ಲಿ ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್ಮೆಂಟ್ ಕಾಫಿಯ ಮೂಟೆ ಪೇರಿಸುವ ಜಾಗ ಅದು. ಗಟ್ಟಿ ಕಟ್ಟಡ, ಸಪಾಟು ನೆಲ. ಆದರೆ ಒಂದು ತೊಂದರೆ. ಗೋಣಿಚೀಲದ ರಾಶಿ ಇದ್ದುದರಿಂದ ಒಳಗೆ ಬೆಂಕಿ ಹಚ್ಚುವಂತಿರಲಿಲ್ಲ.

ಕಮಲಳಿಗೆ ಆಗ ಹೆರಿಗೆಯಾಗಿ ತಿಂಗಳೂ ತುಂಬಿರಲಿಲ್ಲ. ಲೈನಿನ ಮೇಲಿನ ತುದಿಯ ಮನೆ ಅವಳದ್ದು. ಬಾಣಂತಿಗೆ ಬಿಸಿನೀರು, ಮಗುವಿಗೆ ಬೆಚ್ಚನೆ ಹೊಗೆ, ಒಲೆಯ ಪಕ್ಕದ ಜಾಗ, ಎಲ್ಲವೂ ಆ ಮನೆಯಲ್ಲೇ ಉಳಿದಿತ್ತು. ಅವಳ ಅತ್ತೆ ಸುಶೀಲಮ್ಮನವರ ಬಚ್ಚಲಿನಿಂದ ಬಿಸಿನೀರು ಹೊತ್ತು ತರುವಷ್ಟರಲ್ಲಿ ಮಳೆಗಾಳಿಗೆ ಅದು ಉಗುರುಬೆಚ್ಚಗಾಗಿರುತ್ತಿತ್ತು. ಕ್ವಾರ್ಟರ್ಸಿನ ಪಕ್ಕದ ಕೋಣೆಗೆ ಬಾ ಎಂದು ಸುಶೀಲಮ್ಮ ಕರೆದರು. ಅದರ ಮಾಡು ಸೋರುತ್ತಿತ್ತು. ನನ್ನ ಕೋಣೆ ಕೊಡುತ್ತೇನೆಂದೆ. ಅಲ್ಲಿಯೂ ಒಲೆ ಇರಲಿಲ್ಲ.

ನಾನು ಗೋಡೌನಿನ ಬಾಗಿಲ ಮುಂದೆ ಹಾದಾಗಲೆಲ್ಲ ಕಮಲ ಕೇಳುತ್ತಿದ್ದಳು, “ಅಕ್ಕ, ಎಂತ ಹೇಳ್ತು ನಿಮ್ಮ ಮಿಷನ್ನು? ನಮ್ಮನೆ ಅಡೀಲೇ ಅಂತಾ ಇನ್ನೂ?”

“ನೋಡ್ತಾ ಇದ್ದೀನಿ ಕಮಲ.”

“ಬೇಗ ನೋಡಿ ಅಕ್ಕ. ಇದರ ಮೂಗು ಕಟ್ತಾ ಉಂಟು.”

ಇದು, ಎಂದರೆ ಮಗು. ಅದಕ್ಕೆ ಹೆಸರಿಟ್ಟಿರಲಿಲ್ಲ. ಮನೆಗೆ ಹೋದ ಮೇಲೆ ಇಡುವುದೆಂದು ಅತ್ತೆ ಹಟ ಹಿಡಿದಿದ್ದಳು.

ನೋಡುತ್ತಾ ಇರುವುದು ಎಂದರೆ ಏನೆಂದು ಅವಳಿಗೆ ಹೇಗೆ ಹೇಳಲಿ? ಬೆಸುಗೆಯ ಪಟ್ಟಿಯನ್ನು ಅಗಲ ಮಾಡಿದರೆ ನಡುಕದ ಜಾಗ ಒಂದು ಕಡೆ ಸರಿಯುತ್ತಿತ್ತು, ಕಿರಿದು ಮಾಡಿದರೆ ಇನ್ನೊಂದು ಕಡೆ. ಪಟ್ಟಿಯನ್ನೇ ತೆಗೆದು ಎರಡು ಮಾದರಿಗಳನ್ನು ಎದುರುಬದುರು ನಿಲ್ಲಿಸಿದರೆ, ಆ ಗಡಿಗೆ ಅಲೆ ಗೋಡೆಗೆ ಚೆಂಡು ಬಡಿದಂತೆ ಬಡಿದು ವಾಪಸು ಬರುತ್ತಿತ್ತು. ನಿಜವಾದ ಯಂತ್ರಗಳಲ್ಲಿ ಅಂಥ ವಾಪಸು ಬಂದ ಅಲೆ ಕಾಣುತ್ತಿರಲಿಲ್ಲ. ಬೆಂಗಳೂರಿನಲ್ಲಿದ್ದ ನಮ್ಮ ಮೇಡಂ ಅದಕ್ಕೇ ಸರಾಸರಿಯ ಪರ.

“ಪಲ್ಲವಿ, ನೆಲದೊಳಗೆ ಯಾರೂ ಗೋಡೆ ಕಟ್ಟಿಲ್ಲ,” ಎಂದರು ಫೋನಿನಲ್ಲಿ. “ಆ ಗೆರೆ ಇಬ್ಬರು ಮನುಷ್ಯರ ಕೆಲಸ ನಿಂತ ಜಾಗ. ಕಲ್ಲಿಗೆ ಅದು ಗೊತ್ತಿಲ್ಲ. ನಯ ಮಾಡು.”

“ನಯ ಮಾಡಿದ್ರೆ ಪೂರ್ವದ ಯಂತ್ರಗಳಿಗೆಲ್ಲ ಅಲೆ ಲೆಕ್ಕಕ್ಕಿಂತ ಮುಂಚೆ ಬರ್ತಿದೆ ಮೇಡಂ. ಎಲ್ಲದಕ್ಕೂ. ಒಂದಕ್ಕಾದ್ರೆ ಯಂತ್ರದ ಗಡಿಯಾರ ಕೆಟ್ಟಿದೆ ಅನ್ನಬಹುದಿತ್ತು.”

“ಹಾಗಾದ್ರೆ ಎಲ್ಲೋ ಬೇರೆ ತಪ್ಪಿದೆ. ಹುಡುಕು. ಅಲ್ಲಿವರೆಗೆ ಹೊಸ ಜಾಗ ಯಾರಿಗೂ ಹೇಳ್ಬೇಡ.”

ಹುಡುಕು ಎಂದರೆ ಎಲ್ಲಿ? ಕೊಠಡಿಯಲ್ಲಿ ಗೋಡೆಯಿಂದ ಗೋಡೆಗೆ ನಡೆದೆ. ಗಂಬೂಟು ಹಾಕಿ ಪಂಪುಮನೆಗೆ ಹೋಗಿ ಸರಿಯಾಗಿಯೇ ಇದ್ದ ಯಂತ್ರದ ಮುಚ್ಚಳ ಬಿಚ್ಚಿ ಮತ್ತೆ ಹಾಕಿದೆ. ಕರೆಂಟು ಹೋಗಿ ಲ್ಯಾಪ್‌ಟಾಪ್ ಸತ್ತಾಗ ಅಬ್ಬಾಸ್ ಕಾಕನ ಜೀಪಿನ ಬ್ಯಾಟರಿಗೆ ಸಿಕ್ಕಿಸಿಕೊಂಡು ಲೆಕ್ಕ ಹಾಕಿದೆ. ಅವರು ಬಾನೆಟ್ಟಿನ ಮೇಲೆ ಮೊಣಕೈ ಊರಿ ನೋಡುತ್ತಿದ್ದರು.

“ಮೇಡಂ, ಒಂದು ಮಾತು. ಎರಡು ಗಾಡಿ ಸಾಮಾನು ಸೇರ್ಸಿ ಒಂದು ಗಾಡಿ ಮಾಡ್ಬಹುದು. ಆದ್ರೆ ಅದು ಓಡುವಾಗ ಡ್ರೈವರಿಗೆ ನಿದ್ದೆ ಬರೋದಿಲ್ಲ.”

“ನಂಗೂ ಬರ್ತಿಲ್ಲ ಕಾಕ.”

“ಅದೇ ಹೇಳಿದ್ದು.”

ಆ ವಾರವೇ ಗುಡ್ಡದಾಚೆಯ ಬಾವ ಬಂದರು. ಮೂಡಿಗೆರೆಯಲ್ಲಿ ಏನೋ ಕೆಲಸ, ಬರುವ ದಾರಿಯಲ್ಲಿ ಮರ ಬಿದ್ದು ತಡವಾಗಿ, ಹೊತ್ತಲ್ಲದ ಹೊತ್ತಿಗೆ ತಿಂಡಿಗೆ ಕುಳಿತರು. ಎತ್ತರದ ಮನುಷ್ಯ, ಬಿಳಿ ಮೀಸೆ. ಸುಶೀಲಮ್ಮ ಕಡುಬು ಬಡಿಸಿದರು. ನಾನೂ ತಟ್ಟೆ ಹಿಡಿದು ಮೂಲೆಯಲ್ಲಿ ನಿಂತಿದ್ದೆ. ಬಾವ ಕಡುಬು ಮುರಿಯುತ್ತಾ ಗೋಡೆಯ ಕ್ಯಾಲೆಂಡರನ್ನು ಓದಿದರು, ಓದುತ್ತಾ ಮುರಿಯುವುದು ನಿಲ್ಲಿಸಿದರು.

“ಸುಶೀಲ, ನಿನ್ನೆ ಹಗಲಿಡೀ, ರಾತ್ರಿಯಿಡೀ ಬಿದ್ದ ಮಳೆ ಎಲ್ಲಿ ಬರ್ದಿದ್ದೀಯ?”

“ಇಲ್ಲಿ, ಬುಧವಾರಕ್ಕೆ. ಇವತ್ತು ಬೆಳಿಗ್ಗೆ ಅಳೆದದ್ದು ಇವತ್ತಿಗೆ ಬರೀದೆ ಮತ್ತೆ?”

“ಇವತ್ತಿಗೆ ಯಾಕೆ? ಬಿದ್ದದ್ದು ಮಂಗಳವಾರ ಅಲ್ವೇನೇ!”

“ಅಳೆದದ್ದು ಬುಧವಾರ.”

“ಅಳೆದದ್ದು ಯಾವಾಗ್ಲಾದ್ರೂ ಇರ್ಲಿ ಮಾರಾಯ್ತಿ, ಬಿದ್ದದ್ದು ಯಾವಾಗ? ನಮ್ಮಪ್ಪನ ಕಾಲದಿಂದ ನಾವು ಬಿದ್ದ ದಿನಕ್ಕೇ ಬರೆಯೋದು.”

“ನಮ್ಮಪ್ಪನ ಕಾಲದಿಂದ ನಾವು ಅಳೆದ ದಿನಕ್ಕೇ ಬರೆಯೋದು.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸುಶೀಲಮ್ಮ ಸೌಟು ಹಿಡಿದುಕೊಂಡೇ ಕ್ಯಾಲೆಂಡರಿನ ಬಳಿ ಹೋದರು. ಬಾವ ತಮ್ಮ ಅಂಕಿಗಳನ್ನು ನೆನಪಿನಿಂದ ಹೇಳುತ್ತಾ ಹೋದರು, ಇವರು ಒಂದೊಂದು ಮನೆ ಮುಂದಕ್ಕೆ ಸರಿಸಿ ನೋಡುತ್ತಾ ಹೋದರು. ಅವರಿಗೆ ಜೋರು ಬಿದ್ದ ದಿನ ಇವರಿಗೂ ಜೋರೇ, ಅವರಿಗೆ ಬಿಡುವು ಕೊಟ್ಟ ದಿನ ಇವರಿಗೂ ಬಿಡುವೇ. ಮಳೆ ಯಾವತ್ತೂ ಗುಡ್ಡದಾಚೆ ಮಲಗಿರಲಿಲ್ಲ.

“ಇಷ್ಟು ವರ್ಷ ನೀವು ಸುಳ್ಳು ಹೇಳ್ತೀರಿ ಅಂತಿದ್ದೆ ಬಾವ,” ಎಂದರು ಸುಶೀಲಮ್ಮ, ಸೆರಗಿನಿಂದ ಕಣ್ಣೊರೆಸಿಕೊಂಡು. ನಕ್ಕು ನಕ್ಕು ನೀರು ಬಂದಿತ್ತು.

“ಇವಳಿಗೆ ಮಳೆನೂ ತಡವಾಗಿ ಬರ್ತದೆ, ಬುದ್ಧಿನೂ ಅಂತಿದ್ದೆ ನಾನು.” ಬಾವ ಇನ್ನೊಂದು ಕಡುಬು ಹಾಕಿಸಿಕೊಂಡರು. ಆಮೇಲೆ ಗಂಭೀರವಾಗಿ, “ಆದ್ರೂ ಸುಶೀಲ, ದಿನ ಸರಿ ಮಾಡಿದ ಮೇಲೂ ನಂದು ನಿನ್ನ ಎರಡರಷ್ಟಿದೆ ನೋಡು.”

“ಅದು ಇರೋದೇ. ನೀವು ಗಾಳಿ ಮುಖಕ್ಕಿದ್ದೀರಿ.”

ನಾನು ತಟ್ಟೆಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಹೊರಟೆ. ಕೈ ತೊಳೆದೆನೋ ಇಲ್ಲವೋ ನೆನಪಿಲ್ಲ. ಆಳ, ಆಳ ಎಂದು ಮಾದರಿ ಮಾಡಿದ ಎರಡೂ ಗುಂಪಿನವರು ಹೇಳುತ್ತಿದ್ದಾರೆ. ಎಲ್ಲಿಂದ ಆಳ? ಈ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಎರಡೂ ಕಡತಗಳಲ್ಲಿ ಒಂದೊಂದು ಕಾಲಮ್ಮು, ಅದರ ತಲೆಯ ಮೇಲೆ ‘ಆಳ’ ಎಂದಷ್ಟೇ. ಗಂಬೂಟಿನೊಳಗೆ ನೀರು ತುಂಬಿಕೊಂಡು ಸಿಗ್ನಲ್ ಸಿಗುವ ತಿರುವಿನವರೆಗೆ ಓಡಿದೆ. ಎರಡೂ ಗುಂಪಿನವರಿಗೆ ಅದೇ ಒಂದು ಪ್ರಶ್ನೆ ಕಳಿಸಿದೆ.

ಕರಾವಳಿಯವರ ಉತ್ತರ ಮಧ್ಯಾಹ್ನವೇ ಬಂತು: ಸಮುದ್ರಮಟ್ಟದಿಂದ, ಬೇರೆ ಎಲ್ಲಿಂದ ಅಳೆಯುತ್ತಾರೆ? ಬಯಲಿನವರ ಉತ್ತರ ಮಾರನೇ ದಿನ: ನೆಲದಿಂದ, ಇದರಲ್ಲಿ ಸಂಶಯವೇನು?

ಸಮುದ್ರದ ದಡದಲ್ಲಿ ಇವೆರಡೂ ಒಂದೇ. ನಮ್ಮ ಗುಡ್ಡದಲ್ಲಿ ಎರಡಕ್ಕೂ ನಡುವೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಬಯಲಿನವರು ಕಾಲಬುಡದಿಂದ ಎಣಿಸಿದ ಆಳವನ್ನು ನಾವು ಸಮುದ್ರದಿಂದ ಎಣಿಸಿದ್ದೆಂದು ತಿಳಿದು, ಅವರ ಪದರಗಳನ್ನೆಲ್ಲ ಒಂದು ಕಿಲೋಮೀಟರ್ ಕೆಳಕ್ಕೆ ಇಳಿಸಿಬಿಟ್ಟಿದ್ದೆವು. ಗಟ್ಟಿ ಕಲ್ಲು ಇರಬೇಕಾದಲ್ಲಿ ನಿಧಾನದ ಸಡಿಲ ಕಲ್ಲು ಕುಳಿತಿತ್ತು. ಅಲೆಗಳು ಲೆಕ್ಕಕ್ಕಿಂತ ಮುಂಚೆ ಬಂದದ್ದು ಅದಕ್ಕೇ. ಬೇಗ ಬಂತು ಎಂದರೆ ಹತ್ತಿರದಿಂದ ಬಂತು ಎಂದುಕೊಂಡು ಕಂಪ್ಯೂಟರು ನಡುಕವನ್ನು ಪೂರ್ವಕ್ಕೆ ಎಳೆದು, ಮೇಲಕ್ಕೆತ್ತಿ, ಕಮಲಳ ಮನೆಯ ಹಿಂದೆ ತಂದಿಟ್ಟಿತ್ತು.

ಸರಿಪಡಿಸಿ ಮತ್ತೆ ಓಡಿಸಿದೆ. ಮೂರೂ ನಡುಕಗಳು ಆಳಕ್ಕಿಳಿದವು, ಪಶ್ಚಿಮಕ್ಕೆ ಸರಿದವು, ಗುಡ್ಡಸಾಲಿನ ಆಚೆ ಕಾಡಿನ ಕೆಳಗೆ ಹೋಗಿ ಕುಳಿತವು. ಕಳಸದ ಕಡೆಯ ಎರಡು ಯಂತ್ರಗಳೂ ಅದಕ್ಕೆ ಹೌದೆಂದವು. ನಾನು ಕಿರುಚಿರಬೇಕು, ಸುಶೀಲಮ್ಮ ಹಾವು ಎಂದುಕೊಂಡು ಕೋಲು ಹಿಡಿದು ಬಂದರು.

ಆದರೆ ಬೆಸುಗೆ ಪೂರ್ತಿ ಕೂಡಲಿಲ್ಲ. ಅರ್ಧದಷ್ಟು ವ್ಯತ್ಯಾಸ ಹೋಯಿತು, ಅರ್ಧ ಉಳಿಯಿತು. ಬಾವನ ಮಳೆಯ ಹಾಗೆ. ಈ ಉಳಿದ ಅರ್ಧ ಬರೆಯುವವರ ತಪ್ಪೋ, ಕಲ್ಲಿನ ಗುಣವೋ? ತಿಳಿಯಲು ಒಂದೇ ದಾರಿ. ಎಲ್ಲಿ, ಯಾವಾಗ ಹುಟ್ಟಿತೆಂದು ಮೊದಲೇ ಗೊತ್ತಿರುವ ಒಂದು ನಡುಕ ಬೇಕು. ಬಯಲಿನ ಕಡೆ ಒಂದು ಕಲ್ಲುಕ್ವಾರಿಯಲ್ಲಿ ಮಳೆ ಬಿಟ್ಟ ದಿನ ಬಂಡೆ ಸಿಡಿಸುತ್ತಾರೆಂದು ಅಬ್ಬಾಸ್ ಕಾಕ ಪತ್ತೆ ಮಾಡಿದರು. ಅಲ್ಲಿಯ ಲಾರಿಗಳೆಲ್ಲ ಅವರ ಶೆಡ್ಡಿಗೇ ಬರುತ್ತಿದ್ದವು.

ಮಳೆ ಬಿಡುವುದಕ್ಕೆ ಕಾದೆವು. ಬಿಟ್ಟಿತು ಎಂದು ಹೊರಟರೆ ದಾರಿಯಲ್ಲೇ ಹಿಡಿದುಕೊಳ್ಳುತ್ತಿತ್ತು. ಎರಡು ಸಲ ಬರಿಗೈಯಲ್ಲಿ ಬಂದೆವು. ಮೂರನೆಯ ಸಲ ಕ್ವಾರಿಯವನು ಮದ್ದು ತುಂಬಿ ತಂತಿ ಎಳೆದು, ಸೈರನ್ ಕೂಗಿಸಿ, ಎಲ್ಲರನ್ನೂ ಶೆಡ್ಡಿನ ಹಿಂದೆ ಕಳಿಸಿದ. ನಾನು ಸಮಯ ಹಿಡಿಯುವ ಯಂತ್ರವನ್ನು ಬಂಡೆಯ ಹತ್ತಿರವೇ ಇಟ್ಟಿದ್ದೆ. ಆಕಾಶ ಕಪ್ಪಾಗುತ್ತಿತ್ತು.

“ಮೇಡಂ, ಕಾಲು ಅಲ್ಲಾಡಿಸೋದು ನಿಲ್ಸಿ,” ಎಂದರು ಕಾಕ. “ಭೂಕಂಪ ನೀವೇ ಮಾಡ್ತಿದ್ದೀರಿ.”

ಬಂಡೆ ಹಾರಿತು. ನಮ್ಮ ಶೆಡ್ಡಿನ ತಗಡಿನ ಮೇಲೆ ಜಲ್ಲಿ ಉದುರಿತು, ಅದರ ಮೇಲೆ ಮಳೆ.

ಆ ಒಂದು ಸಿಡಿತದ ಅಲೆ ಸುಶೀಲಮ್ಮನವರ ಪಂಪುಮನೆಯವರೆಗೆ ಬಂದ ಸಮಯ ನಮ್ಮ ಸರಿಪಡಿಸಿದ ಲೆಕ್ಕಕ್ಕೆ ಸರಿಯಾಗಿ ಕೂತಿತು. ಆದರೆ ಗುಡ್ಡ ದಾಟಿ ಕಳಸದ ಕಡೆಯ ಯಂತ್ರಗಳಿಗೆ, ನಯ ಮಾಡಿದ ಲೆಕ್ಕಕ್ಕಿಂತ ಬೇಗ ಮುಟ್ಟಿತ್ತು. ಆಚೆಯ ಕಲ್ಲು ನಿಜವಾಗಿಯೂ ಬೇರೆ. ಕಬ್ಬಿಣದ ಅಂಶವಿರುವ ಕಪ್ಪು, ಭಾರದ ಕಲ್ಲು ಅದು, ಅಲೆಯನ್ನು ಜೋರಾಗಿ ಓಡಿಸುತ್ತದೆ. ಗಡಿ ಇದೆ. ಗೋಡೆಯಷ್ಟು ತೆಳ್ಳಗಿಲ್ಲ, ನಕ್ಷೆಯ ಪಟ್ಟಿಯಷ್ಟು ಅಗಲವೂ ಇಲ್ಲ.

ಮೇಡಂಗೆ ಫೋನ್ ಮಾಡಿದೆ.

“ಎಷ್ಟು ಅಗಲ ಅಂತ ಹೇಳೋಕೆ ನಿನ್ನ ಹತ್ರ ಇರೋ ಯಂತ್ರ ಸಾಲದು,” ಎಂದರು.

“ಸಾಲದು ಮೇಡಂ.”

“ಹಾಗಾದ್ರೆ ಅದನ್ನೇ ಬರಿ. ಪಟ್ಟಿ ಕಿರಿದು ಮಾಡು. ಅದರೊಳಗೆ ಬಿದ್ದ ಯಾವ ನಡುಕದ ಜಾಗವನ್ನೂ ಖಚಿತ ಅಂತ ಹೇಳ್ಬೇಡ. ಜುಲೈದು ಮೂರೂ ಪಟ್ಟಿಯಿಂದ ಹೊರಗಿವೆ ತಾನೇ? ಅದನ್ನ ಇವತ್ತೇ ಹೇಳು.”

ಅವತ್ತೇ ಹೇಳಿದೆ. ಗೋಡೌನಿನ ಬಾಗಿಲಲ್ಲಿ ಅಧಿಕಾರಿ, ಸುಶೀಲಮ್ಮ, ಮೇಸ್ತ್ರಿ, ಹಿಂದೆ ಎಲ್ಲರೂ ನಿಂತಿದ್ದರು. ನಡುಕ ಹುಟ್ಟಿದ್ದು ಲೈನಿನ ಅಡಿಯಲ್ಲಲ್ಲ, ಗುಡ್ಡದಾಚೆ, ಬಹಳ ಆಳದಲ್ಲಿ ಎಂದೆ. ಇಳಿಜಾರು ಮಳೆಗೆ ಜರಿಯುತ್ತದೋ ಇಲ್ಲವೋ, ಅದು ನನ್ನ ಯಂತ್ರಕ್ಕೆ ಗೊತ್ತಿಲ್ಲ ಎಂದೆ.

“ಅಲ್ಲ ಮೇಡಂ,” ಎಂದರು ಅಧಿಕಾರಿ ಕೊಡೆ ಮಡಿಸುತ್ತಾ, “ಹೋದ್ಸಲ ಇದೇ ಆಫೀಸಿನವರು ಅಡೀಲೇ ಅಂದ್ರಿ. ಈಗ ಆಚೆ ಅಂತೀರಿ. ಮುಂದಿನ ವಾರ ಎಲ್ಲಿ ಅಂತೀರಿ?”

ಅದಕ್ಕೆ ನಾನು ಉತ್ತರ ಕೊಡುವ ಮೊದಲೇ ಸುಶೀಲಮ್ಮ ಬಾಯಿ ಹಾಕಿದರು. “ನಮ್ಮನೇಲಿ ಮಳೆ ಇಷ್ಟು ವರ್ಷ ಬುಧವಾರ ಬೀಳ್ತಿತ್ತು ಸಾರ್. ಈಗ ಮಂಗಳವಾರ ಬೀಳ್ತಾ ಇದೆ. ತಪ್ಪು ಎಲ್ಲಿ ಅಂತ ಹುಡುಕಿ ಹೇಳ್ತಿದ್ದಾಳೆ ಹುಡುಗಿ, ಕೇಳಿ.” ಅಧಿಕಾರಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ, ಆದರೆ ತಲೆಯಾಡಿಸಿದರು. ಇಳಿಜಾರು ನೋಡಲು ಬೇರೆ ಇಲಾಖೆಯವರನ್ನು ಕರೆಸುವುದಾಗಿ ಹೇಳಿ ಹೋದರು.

ಅವರು ಬಂದರು, ಬಿರುಕು ಹಳೆಯದು, ಅಗಲವಾಗಿಲ್ಲ ಎಂದರು. ಮೇಲಿನಿಂದ ಬರುವ ನೀರನ್ನು ಪಕ್ಕಕ್ಕೆ ತಿರುಗಿಸುವಂತೆ ಚರಂಡಿ ತೆಗೆದರೆ ಮನೆಗಳಿಗೆ ಮರಳಬಹುದು ಎಂದರು. ಮಾರನೇ ಬೆಳಿಗ್ಗೆ ಮೇಸ್ತ್ರಿ ಆಳುಗಳೊಡನೆ ಗುದ್ದಲಿ ಹಿಡಿದು ಹೋದ. ಚರಂಡಿ ಅರ್ಧವೂ ಆಗಿರಲಿಲ್ಲ. ನಾನು ಪಂಪುಮನೆಯಿಂದ ತಲೆಯೆತ್ತಿ ನೋಡಿದೆ. ಲೈನಿನ ಮೇಲಿನ ತುದಿಯ ಹಂಚಿನ ಸಂದಿಯಿಂದ ದಪ್ಪ ನೀಲಿ ಹೊಗೆ ಏಳುತ್ತಿತ್ತು. ಒದ್ದೆ ಸೌದೆಯ ಹೊಗೆ. ಹತ್ತಿರ ಹೋದಾಗ ಅತ್ತೆ ಊದುಕೊಳವೆ ಹಿಡಿದು ಕೆಮ್ಮುತ್ತಾ ನಗುತ್ತಿದ್ದಳು. ಒಳಗೆ ಮಗು ಬಿಸಿನೀರಿಗೆ ಹೆದರಿ ಚೀರುತ್ತಿತ್ತು, ಕಟ್ಟಿದ ಮೂಗಿನಿಂದಲ್ಲ, ಚೆನ್ನಾಗಿ ಬಿಚ್ಚಿದ ಗಂಟಲಿನಿಂದ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಸೆಪ್ಟೆಂಬರ್ ಹನ್ನೊಂದು, ಮಧ್ಯಾಹ್ನ ಎರಡೂವರೆ ಸುಮಾರಿಗೆ ಇನ್ನೊಂದು ನಡುಕ ಬಂತು. ಜುಲೈನದಕ್ಕಿಂತ ದೊಡ್ಡದು. ವಾರದಿಂದ ಬಿಸಿಲೇ ಇಲ್ಲದೆ, ಸೋಲಾರ್ ಹಲಗೆಯಿಂದ ಚಾರ್ಜ್ ಆಗದೆ, ಕಳಸದ ಕಡೆಯ ಎರಡೂ ಯಂತ್ರಗಳ ಬ್ಯಾಟರಿ ಸತ್ತಿದ್ದವು. ರಸ್ತೆಗೆ ಮಣ್ಣು ಬಿದ್ದು ನಾವು ಹೋಗಲಾಗಿರಲಿಲ್ಲ. ಗುಡ್ಡದ ಈಚೆಯ ಯಂತ್ರಗಳು ಮಾತ್ರ ಬರೆದವು. ಒಂದೇ ಕಡೆಯ ಸಾಕ್ಷಿಯಿಂದ ಲೆಕ್ಕ ಹಾಕಿದರೆ ನಡುಕ ಸರಿಯಾಗಿ ಪಟ್ಟಿಯೊಳಗೆ ಬಿತ್ತು. ಪಟ್ಟಿ ಒಂದಿಷ್ಟು ಅಗಲ ಎಂದರೆ ಅದು ಗುಡ್ಡದ ಈಚೆ, ಲೈನಿನ ಕಡೆಗೆ. ಕಿರಿದು ಎಂದರೆ ಆಚೆ, ಕಾಡಿನ ಕೆಳಗೆ. ಎರಡೂ ಲೆಕ್ಕಗಳು ಯಂತ್ರಗಳಿಗೆ ಅಷ್ಟೇ ಚೆನ್ನಾಗಿ ಹೊಂದುತ್ತಿದ್ದವು. ವರದಿಯಲ್ಲಿ ಎರಡು ಜಾಗವನ್ನೂ ಬರೆದೆ. ಅಕ್ಟೋಬರಿನಲ್ಲಿ ಯೋಜನೆ ಮುಗಿಯಿತು, ಯಂತ್ರಗಳನ್ನು ಬಿಚ್ಚಿಕೊಂಡು ಹೊರಟೆವು. ಅಬ್ಬಾಸ್ ಕಾಕ ಕೊನೆಯ ಪೆಟ್ಟಿಗೆ ಹೇರಿ, “ನಿಮ್ಮ ಗಾಡಿ ಓಡ್ತದೆ ಮೇಡಂ, ಆದ್ರೆ ಒಂದು ನಟ್ಟು ಎಲ್ಲೋ ಸಡಿಲ ಇದೆ,” ಎಂದರು. ಅದು ನನಗೂ ಗೊತ್ತಿತ್ತು.

ಇಷ್ಟು ಬರೆಯುವಷ್ಟರಲ್ಲಿ ಬಸ್ಸು ಬಂತು. ಉಳಿದದ್ದನ್ನು ಸಂಜೆ, ವಾಪಸು ಅದೇ ಬೆಂಚಿನ ಮೇಲೆ ಬರೆಯುತ್ತಿದ್ದೇನೆ.

ಇವತ್ತು ಕಮಲಳನ್ನು ನೋಡಿದೆ. ಚರಂಡಿ ಈಗ ಕಲ್ಲು ಕಟ್ಟಿದ್ದು. ಮಗು, ಹೆಸರು ಭೂಮಿಕಾ, ಸುಶೀಲಮ್ಮನವರ ಗಂಬೂಟಿನೊಳಗೆ ಸೊಂಟದವರೆಗೆ ಇಳಿದು ನಿಂತಿತ್ತು. ಹೆಸರಿಟ್ಟವರು ಅತ್ತೆ. ಸುಶೀಲಮ್ಮ ಈಗ ಕ್ಯಾಲೆಂಡರಿನಲ್ಲಿ ಮಳೆ ಬಿದ್ದ ದಿನಕ್ಕೇ ಬರೆಯುತ್ತಿದ್ದಾರೆ. ಆದರೆ ಬಾವನೂ ಸೋಲೊಪ್ಪಿ ಅಳೆದ ದಿನಕ್ಕೆ ಬದಲಾಯಿಸಿಕೊಂಡಿದ್ದಾರಂತೆ, ಹಾಗಾಗಿ ಜಗಳ ಮೊದಲಿನಂತೆಯೇ ನಡೆದಿದೆ.

ಕಮಲ ಕಾಫಿ ಕೊಟ್ಟು ಹೊಸ್ತಿಲ ಮೇಲೆ ಕುಳಿತಳು. “ಅಕ್ಕ, ಆ ಆಮೇಲಿಂದು ಬಂತಲ್ಲ, ಅದು ಯಾವ ಕಡೇದು ಅಂತ ಗೊತ್ತಾಯ್ತಾ?”

“ಇಲ್ಲ ಕಮಲ.”

“ಎರಡು ವರ್ಷ ಆಯ್ತಲ್ಲ.”

“ಆಯ್ತು. ಆವತ್ತು ನಿಂಗೆ ಹೇಗೆ ಗೊತ್ತಾಯ್ತು, ಹೇಳು?”

ಅವಳು ಮಾಡಿನ ತೊಲೆಯ ಕಡೆ ನೋಡಿದಳು. “ಇದನ್ನ ತೊಟ್ಲಲ್ಲಿ ಹಾಕಿ ಕೂತಿದ್ದೆ. ಮೊದ್ಲು ದಡ್ ಅಂತು. ತೊಟ್ಲು ಹಿಡ್ಕೊಂಡೆ. ಒಂದುಸಿರು ಎಳ್ದು ಬಿಡೋಷ್ಟು ಎಂತದೂ ಇಲ್ಲ. ಆಮೇಲೆ ತೊಲೆ ಕೊಂಡಿ ಕಿರ್ರಂತ ಅಲ್ಲಾಡ್ತು, ಪಾತ್ರೆ ಎಲ್ಲ ಬಿತ್ತು. ಮಳೆ ಜೋರಾದಾಗ ಇವತ್ತಿಗೂ ಕೈ ತೊಟ್ಲಿಗೇ ಹೋಗ್ತದೆ ಅಕ್ಕ. ಇವಳು ಈಗ ಅದ್ರಲ್ಲಿ ಮಲಗೋದೇ ಇಲ್ಲ.”

ಸದ್ದಿಗೂ ನಡುಕಕ್ಕೂ ನಡುವಿನ ಆ ಒಂದುಸಿರು ಸಣ್ಣ ವಿಷಯವಲ್ಲ. ನಡುಕದಿಂದ ಎರಡು ಬಗೆಯ ಅಲೆ ಹೊರಡುತ್ತದೆ. ಮೊದಲನೆಯದು ದಡ್ ಎನ್ನುತ್ತದೆ, ನಿಧಾನದ ಎರಡನೆಯದು ಅಲ್ಲಾಡಿಸುತ್ತದೆ. ದೂರ ಹೆಚ್ಚಿದಷ್ಟೂ ನಡುವಿನ ಬಿಡುವು ಹೆಚ್ಚು. ಕಮಲಳ ಮನೆಯಲ್ಲಿ ಬಿಡುವು ಒಂದುಸಿರು. ಗುಡ್ಡದಾಚೆ ಯಾರಿಗಾದರೂ ಅದಕ್ಕಿಂತ ಕಡಿಮೆ ಬಿಡುವು ಸಿಕ್ಕಿದ್ದರೆ ನಡುಕ ಅವರಿಗೆ ಹತ್ತಿರ. ಹೆಚ್ಚು ಸಿಕ್ಕಿದ್ದರೆ ಕಮಲಳಿಗೆ ಹತ್ತಿರ. ಬಾವ ಆವತ್ತು ಊರಲ್ಲಿರಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಎರಡು ವರ್ಷದ ಹಿಂದಿನ ಸೆಪ್ಟೆಂಬರ್ ಹನ್ನೊಂದರ ಮಧ್ಯಾಹ್ನ ಕಳಸದ ಕಡೆಯ ಇಳಿಜಾರಿನಲ್ಲಿ, ತೋಟದಲ್ಲೋ, ಅಂಗಡಿಯಲ್ಲೋ, ಹೊಳೆ ಬದಿಯಲ್ಲೋ ಇದ್ದು ಅದು ಅನುಭವಕ್ಕೆ ಬಂದವರು ಯಾರಾದರೂ ಇದನ್ನು ಓದುತ್ತಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಯಾವ ಊರು, ಮೊದಲು ಏನಾಯಿತು, ಸದ್ದು ಕೇಳಿ ಕಿಟಕಿಯೋ ಪಾತ್ರೆಯೋ ಅಲುಗುವವರೆಗೆ ಎಷ್ಟು ಉಸಿರಿನ ಬಿಡುವಿತ್ತು. ಸರಿಯಾಗಿ ನೆನಪಿಲ್ಲದಿದ್ದರೆ ನೆನಪಿಲ್ಲ ಎಂದೇ ಬರೆಯಿರಿ, ಅಂದಾಜು ಮಾಡಿ ನಯಗೊಳಿಸಬೇಡಿ. ಲೈನಿನ ಮೇಲಿನ ತುದಿಯ ಮನೆಯಲ್ಲಿ ಒಬ್ಬಳು ಕಾಯುತ್ತಿದ್ದಾಳೆ.